ಗಾಡಿ ಹೋಯಿತು, ಹೆಸರು ಉಳಿಯಿತು

1893ರ ಆಗಸ್ಟ್‌ನಲ್ಲಿ ಪ್ಯಾರಿಸ್ ನಗರದ ಪೊಲೀಸರು ಒಂದು ಆಜ್ಞೆ ಹೊರಡಿಸಿದರು. ಮೋಟಾರು ಗಾಡಿಗೆ ಲೋಹದ ಫಲಕ ಇರಬೇಕು, ಅದರ ಮೇಲೆ ಮಾಲಕನ ಹೆಸರು, ವಿಳಾಸ ಮತ್ತು ಒಂದು ನಂಬರು ಕಾಣಬೇಕು. ಹತ್ತು ವರ್ಷಗಳ ನಂತರ, 1903ರಲ್ಲಿ, ಬ್ರಿಟನ್ ಮೋಟಾರು ಕಾರು ಕಾಯ್ದೆ ಮಾಡಿದಾಗ ಫಲಕದಲ್ಲಿ ಅಕ್ಷರ, ಅಂಕಿಗಳಷ್ಟೇ ಉಳಿದವು. ಹೆಸರು ಕಚೇರಿಯ ಪುಸ್ತಕ ಸೇರಿತು. ಗಾಡಿ ಯಾರಿಗಾದರೂ ಗುದ್ದಿದರೆ ಹೊಣೆ ಯಾರದೆಂದು ಆ ಪುಸ್ತಕ ಹೇಳುತ್ತದೆ ಎಂಬ ನಂಬಿಕೆಯೇ ನೋಂದಣಿಯ ಬುನಾದಿ.

ಬ್ರಿಟಿಷ್ ಇಂಡಿಯಾಕ್ಕೆ ಇಂಥ ಕಾಯ್ದೆ 1914ರಲ್ಲಿ ಬಂತು. ಆಮೇಲೆ 1939ರದ್ದು, ಈಗಿರುವುದು 1988ರದ್ದು. ಇದು ಜಾರಿಯಾದದ್ದು 1989ರ ಜುಲೈ 1ರಂದು. ಮಂಗಳೂರಿಗೆ ಕೆಎ-19, ಕಲಬುರಗಿಗೆ ಕೆಎ-32, ಬೀದರಿಗೆ ಕೆಎ-38 ಎಂಬ ಗುರುತುಗಳು ಈ ಕಾಯ್ದೆಯ ಕಾಲದವು.

ಕಾಯ್ದೆ ಇಂಗ್ಲಿಷರದ್ದಾದರೂ ಕಚೇರಿಯ ಭಾಷೆ ಅದಕ್ಕಿಂತ ಹಳೆಯದು. ಅರ್ಜಿ, ದಾಖಲೆ, ನಕಲು, ರಸೀದಿ, ಬಾಕಿ ಎಲ್ಲವೂ ಅರಬ್ಬಿ, ಪಾರಸಿಗಳಿಂದ ಹಳೆಯ ದಫ್ತರಗಳ ಮೂಲಕ ಕನ್ನಡಕ್ಕೆ ಬಂದವು. ಆರ್‌ಟಿಒ ಬಾಗಿಲಲ್ಲಿ ನಿಂತಿರುವ ದಲ್ಲಾಳಿಯ ಹೆಸರೂ ಅರಬ್ಬಿಯದೇ. ಅದರ ಮೂಲ ಧಾತುವಿಗೆ ದಾರಿ ತೋರಿಸು ಎಂಬ ಅರ್ಥವಿದೆ. ‘ಮಾಮೂಲು’ ಎಂದರೆ ರೂಢಿಯಂತೆ ನಡೆದು ಬಂದದ್ದು. ಲಂಚಕ್ಕೆ ಜನ ಆ ಹೆಸರಿಟ್ಟರೆಂದರೆ ಅದು ಎಷ್ಟು ರೂಢಿಯಾಗಿತ್ತೆಂದು ಬೇರೆ ಹೇಳಬೇಕಿಲ್ಲ.

ದಾರಿ ತೋರಿಸುವವನು ಏಕೆ ಬೇಕಾಯಿತು? ಒಂದು ಹಳೆಯ ಸ್ಕೂಟರಿನ ಮಾರಾಟವನ್ನೇ ನೋಡಿ. 29 ಮತ್ತು 30ನೇ ನಮೂನೆಗಳು, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ ಎಲ್ಲ ಸರಿಯಿರಬೇಕು. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಉಳಿದಿದ್ದರೆ 35ನೇ ನಮೂನೆ ಕೊಟ್ಟು ತೆಗೆಸಬೇಕು. ಗಾಡಿ ಹೊರರಾಜ್ಯಕ್ಕೆ ಹೋಗುವುದಾದರೆ 28ನೇ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ. ಒಂದು ಸಹಿ ತಪ್ಪಿದರೆ ಕಾಗದ ಹಿಂದಕ್ಕೆ. ದಿನಗೂಲಿಯವನಿಗೆ ಪ್ರತಿ ಅಲೆದಾಟವೂ ಒಂದು ದಿನದ ಕೂಲಿ ನಷ್ಟ. ಆದ್ದರಿಂದ ಮಾರುವವನು ಖಾಲಿ ನಮೂನೆಗಳಿಗೆ ಸಹಿ ಹಾಕಿ ಕೈ ತೊಳೆದುಕೊಳ್ಳುತ್ತಾನೆ. ಗಾಡಿ ಕೈಯಿಂದ ಕೈಗೆ ಹೋಗುತ್ತದೆ, ಪುಸ್ತಕದ ಹೆಸರು ಅಲ್ಲೇ ಇರುತ್ತದೆ.

ಅದರ ಬೆಲೆಯೇನೆಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ ತಿಳಿಯುತ್ತದೆ. 2009ರಲ್ಲಿ ಹಿಂದಕ್ಕೆ ಚಲಿಸಿದ ಕಾರೊಂದು ಗುದ್ದಿ ಒಬ್ಬ ಹುಡುಗ ಸತ್ತಿದ್ದ. ಅಷ್ಟರಲ್ಲಿ ಕಾರು ಹಲವು ಕೈ ಬದಲಾಗಿತ್ತು. ಮೊದಲ ಮಾಲಕ ತಾನು 2007ರಲ್ಲೇ ಮಾರಿದ್ದೇನೆಂದ. ಪುಸ್ತಕದಲ್ಲಿರುವುದು ನಿನ್ನ ಹೆಸರು, ಆದ್ದರಿಂದ ಪರಿಹಾರದ ಹೊಣೆಯೂ ನಿನ್ನದೇ ಎಂದಿತು ನ್ಯಾಯಾಲಯ. ತೀರ್ಪು ಕಠಿಣವೆನಿಸಬಹುದು. ಆದರೆ ಮಗನನ್ನು ಕಳೆದುಕೊಂಡವರು ಮಾರಿದವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕುತ್ತಾ ಹೋಗಬೇಕೇ?

ಮಾಲಕ ತೀರಿಕೊಂಡಾಗ ಕಷ್ಟ ಇನ್ನೊಂದು ಬಗೆಯದು. ವಾರಸುದಾರರು 30 ದಿನಗಳೊಳಗೆ ಮರಣದ ವಿಷಯ ತಿಳಿಸಿ, ಮೂರು ತಿಂಗಳೊಳಗೆ 31ನೇ ನಮೂನೆ ಸಲ್ಲಿಸಬೇಕು. ನಮ್ಮ ಮನೆಗಳಲ್ಲಿ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಪಾಲುದಾರರು. ಒಬ್ಬ ಮಗ ಕೊಲ್ಲಿಯಲ್ಲಿದ್ದರೆ ಅವನ ಒಪ್ಪಿಗೆಯ ಸಹಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅದುವರೆಗೆ ಇದ್ದತ್‌ನಲ್ಲಿರುವ ವಿಧವೆಯ ಮನೆಮುಂದೆ ಆಟೊ ನಿಂತೇ ಇರುತ್ತದೆ. 2021ರಿಂದ ಆರ್‌ಸಿಯಲ್ಲಿ ನಾಮಿನಿಯ ಹೆಸರು ಬರೆಸುವ ಅವಕಾಶವಿದೆ. ಗಾಡಿಯಿಂದ ಹೊಟ್ಟೆ ಹೊರೆಯುವವರು ಇದನ್ನು ತಿಳಿದಿರಬೇಕು.

ಕಾಯ್ದೆ ನಾಗರಿಕನಿಗೆ ದಿನಗಳನ್ನು ಎಣಿಸಿಯೇ ಇಟ್ಟಿದೆ: ರಾಜ್ಯದೊಳಗೆ ಮಾರಿದವನಿಗೆ 14 ದಿನ, ಕೊಂಡವನಿಗೆ 30 ದಿನ. ಕಚೇರಿಯ ದಿನಗಳನ್ನು ಎಣಿಸುವವರು ಬಹುಕಾಲ ಇರಲಿಲ್ಲ. ಕರ್ನಾಟಕದಲ್ಲಿ ಆ ಕೆಲಸ ‘ಸಕಾಲ’ ಮಾಡಿತು. 2011ರ ಕಾಯ್ದೆ 2012ರ ಏಪ್ರಿಲ್ 2ರಂದು ರಾಜ್ಯವಿಡೀ ಜಾರಿಯಾಯಿತು. ಅರ್ಜಿಗೆ 15 ಅಂಕಿಗಳ ಸಂಖ್ಯೆ, ಸೇವೆಗೆ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು. ಆದರೆ ತಡಮಾಡುವುದಕ್ಕೂ ದಂಡವುಂಟೆಂದು ಸರಕಾರ ಒಪ್ಪಿಕೊಂಡದ್ದು ಸಣ್ಣದಲ್ಲ. ಈಗ ಪುಸ್ತಕದ ಜಾಗದಲ್ಲಿ ‘ವಾಹನ್’ ಎಂಬ ಕಂಪ್ಯೂಟರ್ ವ್ಯವಸ್ಥೆಯಿದೆ. ಅದನ್ನು ಬಳಸಲು ಬಾರದವನು ಮತ್ತೆ ದಲ್ಲಾಳಿಯ ಬಳಿಗೇ ಹೋಗುತ್ತಾನೆ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರದ 282, ವ್ಯವಹಾರವನ್ನು ಬರೆದಿಡುವುದರ ಕುರಿತೇ ಇದೆ. ಸಾಲ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದೆಂದು ವ್ಯವಹರಿಸುವವನಿಗೆ ಅದು ಹೇಳುತ್ತದೆ. ಬರೆಯಬಲ್ಲವನು ಬರೆಯಲು ನಿರಾಕರಿಸಬಾರದು, ನ್ಯಾಯವಾಗಿ ಬರೆಯಬೇಕೆಂದು ಬರಹಗಾರನಿಗೂ ಹೇಳುತ್ತದೆ. ಖಾಲಿ ನಮೂನೆಗೆ ಸಹಿ ಹಾಕುವ ನಾವು ಮೊದಲನೆಯದನ್ನು ಮರೆತಿದ್ದೇವೆ, ಕಾರಣವಿಲ್ಲದೆ ಕಾಗದ ಹಿಂದಿರುಗಿಸುವ ಕಚೇರಿ ಎರಡನೆಯದನ್ನು. ಗಾಡಿಯ ಕೀಲಿ ಕೊಡುವ ದಿನವೇ ಕೊಂಡವನ ಜತೆ ಹೋಗಿ ಅರ್ಜಿ ಕೊಟ್ಟು ರಸೀದಿ ಪಡೆದರೆ, ನಮ್ಮ ಪಾಲಿನ ತಪ್ಪಾದರೂ ಉಳಿಯುವುದಿಲ್ಲ. ಆಮೇಲೆ ಕಚೇರಿಯನ್ನು ಪ್ರಶ್ನಿಸುವ ಹಕ್ಕು ನಮ್ಮ ಕೈಯಲ್ಲಿರುತ್ತದೆ.