ತೇರಿನ ಬೀದಿ, ಕಾರಿನ ಬೀದಿ

ಮಂಗಳೂರಿನ ರಥಬೀದಿಗೆ ಇಂಗ್ಲಿಷಿನಲ್ಲಿ ‘ಕಾರ್ ಸ್ಟ್ರೀಟ್’ ಎಂದು ಹೆಸರು. ಮೋಟಾರು ಹುಟ್ಟುವ ಮೊದಲೇ ಇಂಗ್ಲಿಷರು ದೇವರ ತೇರನ್ನು ‘ಕಾರ್’ ಎಂದು ಕರೆಯುತ್ತಿದ್ದರು. ಈಗ ಆ ಮಾತು ಮೋಟಾರಿನದಾಗಿದೆ. ಬಹಳ ಊರುಗಳಲ್ಲಿ ಬೀದಿಯೂ ಅದರದೇ ಆಗಿದೆ.

ತೇರಿನ ಬೀದಿಯನ್ನು ಅಗಲವಾಗಿ ಬಿಟ್ಟದ್ದು ವೇಗಕ್ಕಾಗಿ ಅಲ್ಲ. ತೇರು ಎಳೆಯುವವರೂ ನೋಡುವವರೂ ಕಾಲ್ನಡಿಗೆಯವರೇ. ತೇರು ವರ್ಷದಲ್ಲಿ ಕೆಲವೇ ದಿನ. ಉಳಿದಂತೆ ಅಲ್ಲಿ ವ್ಯಾಪಾರ, ಭೇಟಿ, ಮಾತುಕತೆ. ಹಂಪಿಯಲ್ಲಿ ವಿರೂಪಾಕ್ಷನ ಗುಡಿಯ ಮುಂದೆ ಕಲ್ಲುಮಂಟಪಗಳ ಸಾಲಿನ ನಡುವೆ ಚಾಚಿಕೊಂಡಿರುವ ಬೀದಿ ಬಜಾರೂ ಹೌದು, ತೇರಿನ ದಾರಿಯೂ ಹೌದು.

ಕಲಬುರಗಿ ಸೀಮೆಯಲ್ಲಿ ಈ ರೂಢಿ ಇನ್ನೂ ಜೀವಂತವಾಗಿದೆ. ಶರಣಬಸವೇಶ್ವರರು ಹುಟ್ಟಿದ್ದು ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಅರಳಗುಂಡಗಿಯಲ್ಲಿ. ಹೋಳಿಹುಣ್ಣಿಮೆ ಕಳೆದ ಮೇಲೆ ಕಲಬುರಗಿಯಲ್ಲಿ ಅವರ ತೇರು ಸಾಗುವಾಗ ಉತ್ತತ್ತಿ, ಬಾಳೆಹಣ್ಣು ಎಸೆಯುವ ಜನಸಾಗರದ ನಡುವೆ ಮೋಟಾರಿಗೆ ಜಾಗವಿಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತಭಕ್ತರು ಮಧುಕರಿ ಭಿಕ್ಷೆಗೆ ಮನೆಯಿಂದ ಮನೆಗೆ ನಡೆದೇ ಹೋಗಬೇಕು. ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಉರುಸಿನಲ್ಲಿ ಸೇರುವವರಿಗೂ ಕಾಲೇ ಆಧಾರ.

ಹಾಗೆಂದು ಹೆದ್ದಾರಿ ಬೇಡವೆಂದಲ್ಲ. ಜೇವರ್ಗಿಯ ಮೂಲಕ ವಿಜಯಪುರ, ಕಲಬುರಗಿ, ಬೀದರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 50 ತೊಗರಿಯ ಲಾರಿಗೂ ಬೇಕು, ಆಸ್ಪತ್ರೆಗೆ ಹೊರಟ ರೋಗಿಗೂ ಬೇಕು. ಆದರೆ ಹಾದುಹೋಗುವ ದಾರಿ ಬೇರೆ, ನಿಂತು ಬದುಕುವ ಬೀದಿ ಬೇರೆ. ಬಜಾರಿನ ಬೀದಿಯನ್ನೂ ಹಾದುಹೋಗುವ ದಾರಿಯಾಗಿ ಮಾಡಿದಾಗ ಮೊದಲು ಜಾಗ ಕಳೆದುಕೊಳ್ಳುವವರು ಮಕ್ಕಳು, ಮುದುಕರು ಮತ್ತು ಬುಟ್ಟಿ ಇಟ್ಟು ಕೂರುವ ಕಾಯಿಪಲ್ಲೆಯ ಹೆಂಗಸರು.

ಈ ವ್ಯತ್ಯಾಸವನ್ನು ಪಶ್ಚಿಮ ದೇಶಗಳು ಕಾರು ಹೆಚ್ಚಿದ ಮೇಲೆ ಕಂಡುಕೊಂಡವು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಸ್ಟ್ರೋಯೆಟ್ ಎಂಬ ಪೇಟೆಬೀದಿಯನ್ನು 1962ರಲ್ಲಿ ಪ್ರಯೋಗಕ್ಕೆಂದು ನಡೆಯುವವರಿಗೆ ಬಿಟ್ಟಾಗ ವ್ಯಾಪಾರ ಕೆಡುತ್ತದೆಂದು ಅಂಗಡಿಯವರು ವಿರೋಧಿಸಿದರು. ಗಿರಾಕಿಗಳು ಹೆಚ್ಚಿದರು, ಪ್ರಯೋಗ ಕಾಯಮ್ಮಾಯಿತು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಲಾಗಿತ್ತು.

ಸರಕು ಇಳಿಸುವುದು ಹೇಗೆ, ನಡೆಯಲಾರದವರ ಗತಿಯೇನು ಎಂಬ ಪ್ರಶ್ನೆಗಳು ನ್ಯಾಯವಾದವೇ. ಸರಕಿಗೆ ಬೆಳಗಿನ ಹೊತ್ತು ಗೊತ್ತುಮಾಡಬಹುದು. ಹಂಪಿಯ ವಿಠ್ಠಲ ಗುಡಿಗೆ ವಾಹನಗಳನ್ನು ದೂರದಲ್ಲೇ ನಿಲ್ಲಿಸಿ, ಬ್ಯಾಟರಿ ಗಾಡಿಗಳಲ್ಲಿ ಜನರನ್ನು ಕರೆದೊಯ್ಯುವ ವ್ಯವಸ್ಥೆ ಇದೆ.

ಜಾತ್ರೆಗೆಂದು ಮೋಟಾರು ನಿಲ್ಲಿಸಿದ ದಿನ ಯಾವ ಊರೂ ಕೆಟ್ಟಿಲ್ಲ. ತೇರಿಗೆ ಬಿಟ್ಟುಕೊಡುವ ಬೀದಿಯನ್ನು ವಾರಕ್ಕೊಂದು ಸಂಜೆ ಜನರಿಗೂ ಬಿಟ್ಟುಕೊಡಬಹುದು.