ವರ್ಮಾಂಟ್ ಸಂಸ್ಥಾನದಲ್ಲಿ ವಿದ್ಯುತ್ ವ್ಯವಹಾರದ ನಿಯಮನ

ಒಂದು ಊರಿನಲ್ಲಿ ಹತ್ತು ಮಂದಿ ಜವಳಿಯಂಗಡಿಗಳನ್ನು ತೆರೆದರೆ ಕೊಳ್ಳುವವನಿಗೆ ಲಾಭವುಂಟು. ಅದೇ ಊರಿನಲ್ಲಿ ಹತ್ತು ಮಂದಿ ಹತ್ತು ಸಾಲು ಕಂಬಗಳನ್ನು ನೆಟ್ಟು ವಿದ್ಯುತ್ತಿನ ತಂತಿಗಳನ್ನೆಳೆದರೆ ಯಾರಿಗೂ ಲಾಭವಿಲ್ಲ; ಅಷ್ಟು ಕಂಬಗಳ ವೆಚ್ಚವೂ ಕಡೆಗೆ ದೀಪ ಹಚ್ಚುವವನ ತಲೆಯ ಮೇಲೆಯೇ ಬೀಳುವುದು. ಆದುದರಿಂದ ಈ ವ್ಯಾಪಾರವು ಸ್ವಭಾವತಃ ಏಕಸ್ವಾಮ್ಯವನ್ನು ಬೇಡುತ್ತದೆ. ಆದರೆ ಪ್ರತಿಸ್ಪರ್ಧಿಯಿಲ್ಲದ ವರ್ತಕನು ಹೇಳಿದುದೇ ಬೆಲೆಯಾದೀತು. ಏಕಸ್ವಾಮ್ಯವನ್ನು ಕೊಟ್ಟೂ ಪ್ರಜೆಯನ್ನು ಕಾಯುವುದೆಂತು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅತಿ ಚಿಕ್ಕವುಗಳಲ್ಲೊಂದಾದ ವರ್ಮಾಂಟ್ ಈ ಪ್ರಶ್ನೆಗೆ ಕಂಡುಕೊಂಡ ಉತ್ತರದ ಚರಿತ್ರೆಯು ವಾಚಕ ಮಹಾಶಯರ ಪರಿಶೀಲನೆಗೆ ಅರ್ಹವಾದುದು.

ವರ್ಮಾಂಟ್ ಕೆನಡಾದ ಗಡಿಯಲ್ಲಿರುವ ಬೆಟ್ಟಗಾಡು. ೧೭೯೧ರಲ್ಲಿ ೧೪ನೆಯ ಸಂಸ್ಥಾನವಾಗಿ ಒಕ್ಕೂಟವನ್ನು ಸೇರಿತು. ೨೦೨೦ರ ಜನಗಣತಿಯಲ್ಲಿ ಅಲ್ಲಿದ್ದವರು ೬,೪೩,೦೭೭ ಮಂದಿ. ಹೈನುಗಾರಿಕೆಯಿಂದ ಬಾಳುವ ಒಕ್ಕಲುಮನೆಗಳೂ ಸಣ್ಣ ಸಣ್ಣ ಊರುಗಳೂ ಅಲ್ಲಿ ಹೆಚ್ಚು. ರಾಜಧಾನಿಯಾದ ಮಾಂಟ್‌ಪೀಲಿಯರಿನಲ್ಲಿಯೇ ಹತ್ತು ಸಾವಿರ ಜನರಿಲ್ಲ.

ಇಂತಹ ನಾಡಿನಲ್ಲಿ ಕಂಪೆನಿಗಳು ಮೊದಲು ಪಟ್ಟಣಗಳಿಗೆ ತಂತಿ ಎಳೆದುವು. ಬರ್ಲಿಂಗ್‌ಟನ್ ನಗರದವರು ೧೯೦೫ರಲ್ಲಿ ತಮ್ಮದೇ ಆದ ವಿದ್ಯುತ್ ಶಾಖೆಯನ್ನು ನಡೆಸತೊಡಗಿದರು. ಆದರೆ ಮೈಲಿಗೆ ಎರಡು ಮೂರು ಮನೆಗಳಿರುವ ಬೆಟ್ಟದ ದಾರಿಗೆ ಕಂಬ ನೆಡುವುದರಲ್ಲಿ ಕಂಪೆನಿಗೆ ಲಾಭವೆಲ್ಲಿಯದು? ೧೯೩೬ರ ಗ್ರಾಮೀಣ ವಿದ್ಯುದೀಕರಣ ಶಾಸನದಿಂದ ಕೇಂದ್ರ ಸರಕಾರದ ಸಾಲ ದೊರೆಯಲಾಗಿ, ೧೯೩೮ರಲ್ಲಿ ವರ್ಮಾಂಟ್ ಎಲೆಕ್ಟ್ರಿಕ್, ೧೯೩೯ರಲ್ಲಿ ವಾಷಿಂಗ್‌ಟನ್ ಎಲೆಕ್ಟ್ರಿಕ್ ಎಂಬ ಸಹಕಾರ ಸಂಘಗಳನ್ನು ರೈತರು ಕಟ್ಟಿಕೊಂಡರು. ೧೯೩೭ರಿಂದ ೧೯೪೧ರವರೆಗೆ ಗವರ್ನರಾಗಿದ್ದ ಜಾರ್ಜ್ ಏಕನ್ನರು ಈ ಸಂಘಗಳಿಗೆ ಬೆಂಬಲವಾಗಿ ನಿಂತರು. ೧೯೫೬ರಲ್ಲಿ ಸಂಸ್ಥಾನಕ್ಕೆಲ್ಲ ಶಕ್ತಿಯನ್ನು ಸಾಗಿಸುವುದಕ್ಕೆಂದೇ ವೆಲ್ಕೊ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಹೀಗೆ ಖಾಸಗಿ ಕಂಪೆನಿ, ಪುರಸಭೆ, ಸಹಕಾರ ಸಂಘ ಎಂಬ ಮೂರು ಬಗೆಯ ಒಡೆತನಗಳು ಒಂದೇ ನಾಡಿನಲ್ಲಿ ನೆಲೆಗೊಂಡುವು.

ಇವೆಲ್ಲದರ ಮೇಲ್ವಿಚಾರಣೆಯ ಹೊಣೆ ಸಾರ್ವಜನಿಕ ಸೇವಾ ಮಂಡಲಿಯದು. ೧೯ನೆಯ ಶತಮಾನದಲ್ಲಿ ರೈಲು ಕಂಪೆನಿಗಳ ಹತೋಟಿಗಾಗಿ ಏರ್ಪಟ್ಟ ಅಧಿಕಾರವೇ ಬೆಳೆದು ಈ ಮಂಡಲಿಯಾಯಿತು. ೨೦೧೭ರಿಂದ ಅದಕ್ಕೆ ಆಯೋಗವೆಂಬ ಹೆಸರಾಗಿದೆ. ಅದರಲ್ಲಿ ಮೂವರೇ ಸದಸ್ಯರು. ಗವರ್ನರು ಸೆನೆಟ್ ಸಭೆಯ ಒಪ್ಪಿಗೆಯಿಂದ ಇವರನ್ನು ಆರು ವರ್ಷಗಳ ಅವಧಿಗೆ ನೇಮಿಸುವರು. ಸಾಕ್ಷ್ಯವನ್ನು ಕೇಳಿ, ಕಾರಣಸಹಿತವಾದ ತೀರ್ಪನ್ನು ಬರೆಯುವುದು ಇವರ ಕೆಲಸ. ಆ ತೀರ್ಪಿನ ಮೇಲೆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯಕ್ಕೆ ಮೊರೆಹೋಗಬಹುದು. ಹೊಸ ವಿದ್ಯುದಾಗಾರವನ್ನಾಗಲಿ ದೊಡ್ಡ ತಂತಿಮಾರ್ಗವನ್ನಾಗಲಿ ಕಟ್ಟಬೇಕಾದರೆ, ಅದರಿಂದ ಲೋಕಹಿತವಾಗುವುದೆಂಬ ಪ್ರಮಾಣಪತ್ರವನ್ನು ಮೊದಲು ಇವರಿಂದ ಪಡೆಯಬೇಕು.

ಆದರೆ ನ್ಯಾಯ ಹೇಳುವವನೇ ಪ್ರಜೆಯ ಪರವಾಗಿ ವಾದವನ್ನೂ ಮಾಡಿದರೆ ಒಂದಲ್ಲ ಒಂದು ಧರ್ಮಕ್ಕೆ ಲೋಪ ಬಾರದಿರದು. ೧೯೮೧ರಲ್ಲಿ ಇವೆರಡನ್ನೂ ಬೇರ್ಪಡಿಸಿದರು. ಸಾರ್ವಜನಿಕ ಸೇವಾ ಇಲಾಖೆಯೆಂಬುದು ಬಳಕೆದಾರರ ವಕೀಲನಾಗಿ ನಿಂತಿತು. ಮಂಡಲಿಯು ನ್ಯಾಯಪೀಠವಾಗಿ ಉಳಿಯಿತು. ಕಂಪೆನಿಯ ಲೆಕ್ಕವನ್ನು ಓದಬಲ್ಲ ಪಂಡಿತರನ್ನು ನೇಮಿಸಿಕೊಳ್ಳಲು ಬಡ ಒಕ್ಕಲಿಗನಿಗೆ ಶಕ್ತಿಯಿಲ್ಲ. ಆ ಕೊರತೆಯನ್ನು ಇಲಾಖೆಯು ತುಂಬುವುದು. ಬೇಲಿಯೇ ಎದ್ದು ಹೊಲವನ್ನು ಮೇಯದಂತೆ ನೋಡಿಕೊಳ್ಳುವ ಉಪಾಯವಿದು.

ಈ ವ್ಯವಸ್ಥೆಗೆ ಬಂದ ಕಠಿನ ಪರೀಕ್ಷೆಗಳಲ್ಲಿ ಎರಡನ್ನು ಹೇಳಬೇಕು. ಕೆನಡಾದ ಕ್ವಿಬೆಕ್ ಪ್ರಾಂತದಿಂದ ದೀರ್ಘಕಾಲ ಜಲವಿದ್ಯುತ್ತನ್ನು ಕೊಳ್ಳಲು ವರ್ಮಾಂಟಿನ ಕಂಪೆನಿಗಳು ಕರಾರು ಮಾಡಿಕೊಂಡಿದ್ದುವು. ಬಳಿಕ ಪೇಟೆಯಲ್ಲಿ ಬೆಲೆ ಇಳಿಯಿತು; ಕರಾರಿನ ಬೆಲೆ ಇಳಿಯಲಿಲ್ಲ. ಗ್ರೀನ್ ಮೌಂಟನ್ ಪವರ್ ಕಂಪೆನಿಯು ೧೯೯೧ರಲ್ಲಿ ವಿವೇಚನೆಯಿಲ್ಲದೆ ಈ ಕರಾರಿಗೆ ಕಟ್ಟುಬಿದ್ದಿತೆಂದು ಮಂಡಲಿಯು ೧೯೯೮ರಲ್ಲಿ ತೀರ್ಮಾನಿಸಿ, ಆ ವೆಚ್ಚದ ಒಂದು ಪಾಲನ್ನು ಬಳಕೆದಾರರಿಂದ ವಸೂಲು ಮಾಡಗೊಡಲಿಲ್ಲ. ಅವಿವೇಕದ ಫಲವನ್ನು ಪಾಲುದಾರರು ಉಣ್ಣಬೇಕೆಂಬುದು ನ್ಯಾಯವೇ ಸರಿ. ಆದರೆ ಕಂಪೆನಿಯು ದಿವಾಳಿಯ ಅಂಚಿಗೆ ಬಂದಿತು. ಕಂಪೆನಿ ಮುಳುಗಿದರೆ ದೀಪಗಳ ಗತಿಯೇನು? ಕಡೆಗೆ ೨೦೦೧ರಲ್ಲಿ ಮಂಡಲಿಯು ಒಂದು ರಾಜಿಯನ್ನು ಅಂಗೀಕರಿಸಿತು. ದಂಡಿಸುವ ಅಧಿಕಾರಕ್ಕೂ ಉಳಿಸುವ ಹೊಣೆಗೂ ನಡುವಣ ದಾರಿ ಎಷ್ಟು ಇಕ್ಕಟ್ಟಾದುದೆಂಬುದು ಇದರಿಂದ ವಿದಿತವಾಗುವುದು.

ಎರಡನೆಯದು ವರ್ನನ್ ಎಂಬ ಊರಿನ ಪರಮಾಣು ವಿದ್ಯುದಾಗಾರದ ಪ್ರಸಂಗ. ೧೯೭೨ರಲ್ಲಿ ಪ್ರಾರಂಭವಾದ ಈ ವರ್ಮಾಂಟ್ ಯಾಂಕಿ ಸ್ಥಾವರವನ್ನು ೨೦೦೨ರಲ್ಲಿ ಹೊರನಾಡಿನ ಎಂಟರ್ಜಿ ಕಂಪೆನಿಯು ಕೊಂಡಿತು. ಅದರ ಪರವಾನಗಿಯು ೨೦೧೨ರಲ್ಲಿ ಮುಗಿಯತಕ್ಕದ್ದಾಗಿತ್ತು. ಮುಂದುವರಿಸಲು ಶಾಸನಸಭೆಯ ಒಪ್ಪಿಗೆಯೂ ಬೇಕೆಂದು ೨೦೦೬ರಲ್ಲಿ ಕಾನೂನಾಯಿತು; ೨೦೧೦ರಲ್ಲಿ ಸೆನೆಟ್ ಸಭೆಯು ೨೬ಕ್ಕೆ ೪ ಮತಗಳಿಂದ ಬೇಡವೆಂದಿತು. ಆದರೆ ಮರುವರ್ಷವೇ ಕೇಂದ್ರದ ಪರಮಾಣು ಆಯೋಗವು ಇನ್ನೂ ಇಪ್ಪತ್ತು ವರ್ಷಗಳ ಪರವಾನಗಿಯನ್ನಿತ್ತಿತು. ಪರಮಾಣು ಸುರಕ್ಷತೆಯ ವಿಚಾರ ಕೇಂದ್ರಕ್ಕೇ ಸೇರಿದುದೆಂದು ೨೦೧೨ರಲ್ಲಿ ಕೇಂದ್ರದ ನ್ಯಾಯಾಲಯವು ಸಂಸ್ಥಾನದ ಕಾನೂನನ್ನು ತಳ್ಳಿಹಾಕಿತು. ಹೀಗೆ ಗೆದ್ದ ಕಂಪೆನಿಯೇ, ನಡೆಸುವುದು ಲಾಭಕರವಲ್ಲವೆಂದು ೨೦೧೪ರ ಡಿಸೆಂಬರಿನಲ್ಲಿ ಸ್ಥಾವರವನ್ನು ಮುಚ್ಚಿತು. ಜನಪ್ರತಿನಿಧಿಗಳ ಮತದಿಂದ ಆಗದುದು ಪೇಟೆಯ ಬೆಲೆಯಿಂದ ಆಯಿತು! ಸಣ್ಣ ಸಂಸ್ಥಾನದ ಅಧಿಕಾರದ ಎಲ್ಲೆ ಇಲ್ಲಿ ಸ್ಪಷ್ಟವಾಗಿ ಕಾಣುವುದು.

ಆದರೂ ತನ್ನ ಎಲ್ಲೆಯೊಳಗೆ ಅದು ಸ್ವಂತ ಬುದ್ಧಿಯಿಂದಲೇ ನಡೆದಿದೆ. ೧೯೯೦ರ ದಶಕದಿಂದೀಚೆಗೆ ನ್ಯೂ ಇಂಗ್ಲೆಂಡಿನ ಉಳಿದ ಐದು ಸಂಸ್ಥಾನಗಳು ವಿದ್ಯುತ್ ಮಾರಾಟವನ್ನು ಪೈಪೋಟಿಗೆ ತೆರೆದುವು, ವರ್ಮಾಂಟ್ ತೆರೆಯಲಿಲ್ಲ. ವಿದ್ಯುತ್ತನ್ನು ಮಾರುವವನಿಗೆ ಉಳಿತಾಯವನ್ನು ಬೋಧಿಸುವುದರಲ್ಲಿ ಆಸಕ್ತಿಯಿರದೆಂಬುದನ್ನು ಮನಗಂಡು, ೨೦೦೦ದಲ್ಲಿ ಉಳಿತಾಯಕ್ಕೆಂದೇ ಎಫಿಶಿಯೆನ್ಸಿ ವರ್ಮಾಂಟ್ ಎಂಬ ಬೇರೊಂದು ಸಂಸ್ಥೆಯನ್ನು ಸ್ಥಾಪಿಸಿತು. ಅದರ ಖರ್ಚು ಎಲ್ಲರ ಬಿಲ್ಲಿನಲ್ಲಿ ಸೇರುವ ಒಂದು ಸಣ್ಣ ಮೊತ್ತದಿಂದ ನಡೆಯುವುದು. ೨೦೧೨ರಲ್ಲಿ ಎರಡು ದೊಡ್ಡ ಕಂಪೆನಿಗಳು ಒಂದಾದುದರಿಂದ ಸುಮಾರು ಮುಕ್ಕಾಲು ಪಾಲು ಗ್ರಾಹಕರು ಒಂದೇ ಕಂಪೆನಿಯ ಪಾಲಾಗಿರುವರು. ಏಕಸ್ವಾಮ್ಯವು ಬಲಿತಷ್ಟೂ ಕಾವಲಿನ ಭಾರ ಹೆಚ್ಚುವುದಷ್ಟೆ.

ವಿದ್ಯುತ್ತು ಕಣ್ಣಿಗೆ ಕಾಣದ ವಸ್ತು. ಅದರ ಬೆಲೆಯ ಲೆಕ್ಕವೂ ಸಾಮಾನ್ಯರ ಕಣ್ಣಿಗೆ ಕಾಣದು. ಆ ಲೆಕ್ಕವನ್ನು ಬಹಿರಂಗದಲ್ಲಿ ಬಿಡಿಸಿ, ವಾದಿಸುವವನನ್ನೂ ತೀರ್ಪು ಹೇಳುವವನನ್ನೂ ಬೇರೆಯಾಗಿರಿಸಿ, ಹೇಳಿದ ತೀರ್ಪಿಗೆ ಕಾರಣವನ್ನು ಬರೆದಿಡುವುದೇ ವರ್ಮಾಂಟ್ ಹಿಡಿದ ಮಾರ್ಗ. ಇದಕ್ಕೆ ದೊಡ್ಡ ರಾಜ್ಯವಾಗಲಿ ತುಂಬಿದ ಬೊಕ್ಕಸವಾಗಲಿ ಬೇಕಿಲ್ಲ. ಧರ್ಮಬುದ್ಧಿಯೂ ಎಚ್ಚರವೂ ಬೇಕು.