ಹಗುರ ಗುಂಡಿನ ಓಟ

ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಳತೆಯ ನಾಲ್ಕು ಗುಂಡು ಎರೆಯುವಂತಿದ್ದರೆ ಅದು ನಾಲ್ಕರ ಬೋರ್. ಒಂದೊಂದು ಗುಂಡು ಸುಮಾರು 113 ಗ್ರಾಂ! 1870ರ ದಶಕದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಸಾಹೇಬ ಆನೆಗೆ ಇಂಥದೇ ಕೋವಿ ಎತ್ತುತ್ತಿದ್ದ. ಭುಜದ ಗತಿ ದೇವರಿಗೇ ಪ್ರೀತಿ.

ಲಂಡನ್ನಿನ ಪರ್ಡಿ ಕಂಪನಿ 1856ರಲ್ಲೇ ಇದಕ್ಕೆ ಉಲ್ಟಾ ಹೊರಟಿತ್ತು: ಗುಂಡು ಹಗುರ, ಮದ್ದು ಜಾಸ್ತಿ. ಆ ಕೋವಿಗೆ ‘ಎಕ್ಸ್‌ಪ್ರೆಸ್ ಟ್ರೇನ್’ ಎಂದೇ ಹೆಸರಿಟ್ಟರು. ಮುಂದೆ ಬಂದ .450 ಎಕ್ಸ್‌ಪ್ರೆಸ್‌ಗಳಲ್ಲಿ ಗುಂಡಿನ ತೂಕ ಇಪ್ಪತ್ತು ಗ್ರಾಂ ಆಸುಪಾಸು. ಮೂತಿಗೆ ತೂತು ಕೊರೆದು ಒಳಗೆ ತಾಮ್ರದ ಪುಟ್ಟ ಕೊಳವೆ ಕೂರಿಸುತ್ತಿದ್ದರು. ವೇಗದಿಂದಾಗಿ ಗುಂಡು ಹೆಚ್ಚು ಬಾಗದೆ ಓಡುವುದರಿಂದ ದೂರದ ಅಂದಾಜು ಕೊಂಚ ತಪ್ಪಿದರೂ ಜಿಂಕೆ ಬೀಳುತ್ತಿತ್ತು.

ಕಾಟಿಯ ಮುಂದೆ ಈ ಜಾಣತನ ನಡೆಯಲಿಲ್ಲ. ಮೆತ್ತನೆ ಸೀಸ ಹೆಗಲ ಮೂಳೆಗೆ ತಾಗಿ ಅಲ್ಲೇ ಚೂರಾಗಿ, ಗಾಯಗೊಂಡ ಪ್ರಾಣಿ ಮೇಲೇರಿ ಬರುತ್ತಿತ್ತು. ಅದಕ್ಕೇ ತೋಟಾ ತಾವೇ ತುಂಬಿಕೊಳ್ಳುತ್ತಿದ್ದ ಅನುಭವಸ್ಥರು ಸೀಸಕ್ಕೆ ತವರ ಬೆರೆಸಿ ಗಟ್ಟಿ ಗುಂಡು ಎರೆದರು. ನಮ್ಮಜ್ಜನ ಗುಂಡಿನ ಅಚ್ಚು ನನ್ನ ಹತ್ತಿರವಿದೆ. ನೋಡಲು ಥೇಟ್ ಇಕ್ಕಳ. ಎರೆದ ಗುಂಡಿನಲ್ಲಿ ಉಳಿಯುವ ಸೀಸದ ಮೊಳಕೆಯನ್ನು ಆತ ಚಾಕುವಿನಿಂದ ಹೆರೆದು ನುಣುಪು ಮಾಡುತ್ತಿದ್ದ.

1898ರಲ್ಲಿ ರಿಗ್ಬಿಯ .450 ನೈಟ್ರೊ ಎಕ್ಸ್‌ಪ್ರೆಸ್ ಬಂದಾಗ ಗುಂಡು ಮತ್ತೆ 31 ಗ್ರಾಂಗೆ ಏರಿತು. ಹೊಗೆಯಿಲ್ಲದ ಕಾರ್ಡೈಟ್ ಮದ್ದಿಗೆ ಆ ಭಾರ ಲೆಕ್ಕಕ್ಕೇ ಇರಲಿಲ್ಲ.